ಮಂಡೆಬಿಸಿಗೆ ಇಂಗ್ಲಿಷ್ ಹುಡುಕುವವರಿಗೆ: ಐದು ಉಚಿತ ತಾಣಗಳ ತೂಕ

ಕೆಲಸ ಕುತ್ತಿಗೆಗೆ ಬಂದಿದೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಇದನ್ನು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ‘ಟಾಪ್ 50 ಇಡಿಯಮ್ಸ್’ ಬಗೆಯ ಪಟ್ಟಿಗಳು. ಅವನ್ನು ಪಕ್ಕಕ್ಕಿಟ್ಟುಬಿಡಿ. ಅಲ್ಲಿ ಅರ್ಥವೇನೋ ಇರುತ್ತದೆ. ಆದರೆ ಆ ಮಾತಿನ ಬಿಸಿ ಎಷ್ಟು, ಯಾರ ಮುಂದೆ ಆಡಬಹುದು, ಯಾವ ದೇಶದ್ದು ಎಂಬ ಮೂರು ಸಂಗತಿ ಇರುವುದಿಲ್ಲ. ಒತ್ತಡದ ನುಡಿಗಟ್ಟಿಗೆ ಈ ಮೂರೇ ಜೀವ. ತಪ್ಪಿದರೆ ಒಂದು ದಿನದ ವಾಯಿದೆ ಕೇಳಲು ಹೋದವರು ಕೆಲಸ ಬಿಡುತ್ತಿದ್ದಾರೇನೋ ಅಂತ ಮ್ಯಾನೇಜರ್ ಗಾಬರಿಯಾಗುತ್ತಾರೆ.

ಆದ್ದರಿಂದ ಕೇಂಬ್ರಿಡ್ಜ್ ಡಿಕ್ಷನರಿ, ಲಾಂಗ್‌ಮನ್ ಡಿಕ್ಷನರಿ, ಯೂಗ್ಲಿಶ್, ಗೂಗಲ್ ಟ್ರಾನ್ಸ್‌ಲೇಟ್, ಅಲರ್ ಈ ಐದನ್ನು ಇದೇ ಅಳತೆಗೋಲಿನಿಂದ ನೋಡೋಣ. ಐದರಲ್ಲೂ ದುಡ್ಡು ಕೊಡದೆ ಕೆಲಸ ನಡೆಯುತ್ತದೆ. ಒಂದನ್ನೇ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಕೇಂಬ್ರಿಡ್ಜ್. ಎರಡು ಇಟ್ಟುಕೊಳ್ಳುವವರು ಲಾಂಗ್‌ಮನ್ ಸೇರಿಸಿಕೊಳ್ಳಲಿ.

ತಾಣಗಳಿಗೆ ಹೋಗುವ ಮೊದಲು ನಮ್ಮ ಕಡೆಯ ತೊಡಕನ್ನು ನೋಡಬೇಕು. ಕನ್ನಡದ ‘ಒತ್ತಡ’ ಎಂಬ ಒಂದೇ ಪದ ರಕ್ತದ ಒತ್ತಡಕ್ಕೂ ಮಾನಸಿಕ ಒತ್ತಡಕ್ಕೂ ರಾಜಕೀಯ ಒತ್ತಡಕ್ಕೂ ಸಾಲುತ್ತದೆ. ಇಂಗ್ಲಿಷಿನಲ್ಲಿ ಅದು ಎರಡಾಗಿ ಒಡೆಯುತ್ತದೆ. ಹೊರಗಿನಿಂದ ಬಂದು ಒತ್ತುವುದು ಪ್ರೆಷರ್: ಗಡುವು, ಮೇಲಧಿಕಾರಿ, ಮನೆಯವರ ನಿರೀಕ್ಷೆ. ಅದು ಒಳಗೆ ಮಾಡುವ ಹಾನಿ ಸ್ಟ್ರೆಸ್: ನಿದ್ದೆಗೇಡು, ತಲೆನೋವು, ಸಿಡುಕು. ಪ್ರೆಷರ್ ಇದ್ದೂ ಆರಾಮಾಗಿರುವವರಿದ್ದಾರೆ. ‘ಐ ವರ್ಕ್ ವೆಲ್ ಅಂಡರ್ ಪ್ರೆಷರ್’ ಅಂತ ಬಯೋಡೇಟಾದಲ್ಲಿ ಹಾಕಿಕೊಳ್ಳುತ್ತಾರಲ್ಲ. ಅಲ್ಲಿ ಸ್ಟ್ರೆಸ್ ಅಂತ ಹಾಕಿದರೆ ಓದುವವರ ಹುಬ್ಬು ಏರುತ್ತದೆ. ಇದರ ಮೇಲೆ ನಮ್ಮದೇ ಆದ ‘ಟೆನ್ಷನ್’ ಬೇರೆ. ‘ಐ ಆಮ್ ಇನ್ ಟೆನ್ಷನ್’ ಬೆಂಗಳೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಲಂಡನ್ನಿನಲ್ಲಿ ಆಗುವುದಿಲ್ಲ. ಅಲ್ಲಿ ಟೆನ್ಷನ್ ಇರುವುದು ಹೆಚ್ಚಾಗಿ ಇಬ್ಬರ ನಡುವೆ, ಎರಡು ದೇಶಗಳ ನಡುವೆ, ಇಲ್ಲವೇ ಕತ್ತಿನ ಸ್ನಾಯುವಿನಲ್ಲಿ. ಕರಾವಳಿ, ಮಲೆನಾಡಿನವರ ‘ಮಂಡೆಬಿಸಿ’ ನಿಜಕ್ಕೂ ಸ್ಟ್ರೆಸ್ಸಿಗೆ ಸರಿಸಾಟಿಯಾದ ಮಾತು. ನಿಘಂಟಿನವರು ಯಾಕೆ ಅದನ್ನು ಬಿಟ್ಟು ಮಾನಸಿಕ ಒತ್ತಡ ಅಂತ ಎಳೆಯುತ್ತಾರೋ!

ಕೇಂಬ್ರಿಡ್ಜ್ ಯಾಕೆ ಮೊದಲು ಅನ್ನುವುದಕ್ಕೆ ಒಂದು ನುಡಿಗಟ್ಟನ್ನು ಹತ್ತಿರದಿಂದ ನೋಡೋಣ: ‘ಅಟ್ ದಿ ಎಂಡ್ ಆಫ್ ಮೈ ಟೆದರ್’. ಹುಡುಕುವಾಗ ‘ಮೈ’ ಹಾಕಬೇಡಿ. ನಿಘಂಟುಗಳಲ್ಲಿ ಇಂಥವು ‘ಯುವರ್’ ರೂಪದಲ್ಲಿರುತ್ತವೆ. ‘ಎಂಡ್ ಆಫ್ ಯುವರ್ ಟೆದರ್’ ಅಂತ ಟೈಪಿಸಿದರೆ ನೇರ ಪುಟಕ್ಕೆ ಹೋಗುತ್ತೀರಿ. ಅರ್ಥ ಇಷ್ಟೇ: ಶಕ್ತಿಯೋ ತಾಳ್ಮೆಯೋ ಇನ್ನು ಉಳಿದಿಲ್ಲ. ಅದರ ಜೊತೆಗಿರುವ ಯುಕೆ ಎಂಬ ಎರಡಕ್ಷರದ ಗುರುತನ್ನು ಬಹಳ ಜನ ನೋಡುವುದೇ ಇಲ್ಲ. ಅಮೆರಿಕದವರು ಟೆದರ್ ಅನ್ನುವುದಿಲ್ಲ, ರೋಪ್ ಅನ್ನುತ್ತಾರೆ: ‘ಅಟ್ ದಿ ಎಂಡ್ ಆಫ್ ಮೈ ರೋಪ್’. ಟೆಕ್ಸಾಸಿನ ಕ್ಲೈಂಟಿಗೆ ಟೆದರ್ ಅಂದರೆ ಅರ್ಥವಾದೀತು, ಆದರೆ ಪರವೂರಿನ ಮಾತು ಅನ್ನಿಸುತ್ತದೆ.

ಟೆದರ್ ಅಂದರೆ ಮೇಯಲು ಬಿಟ್ಟ ದನಕ್ಕೆ ಕಟ್ಟುವ ಹಗ್ಗ. ಗೂಟಕ್ಕೆ ಕಟ್ಟಿದ ಹಸು ಹಗ್ಗದಳತೆಯಲ್ಲಿ ಸುತ್ತಲಿನ ಹುಲ್ಲನ್ನೆಲ್ಲ ಮೇದು ಮುಗಿಸಿದೆ, ಮುಂದೆ ಹುಲ್ಲು ಕಾಣುತ್ತಿದೆ, ಹಗ್ಗ ಬಿಡುತ್ತಿಲ್ಲ. ಈ ಚಿತ್ರ ಕಣ್ಣಿಗೆ ಕಟ್ಟಿದರೆ ಮಾತಿನ ತೂಕ ತಾನಾಗಿ ತಿಳಿಯುತ್ತದೆ. ಇದು ‘ಸ್ವಲ್ಪ ಬ್ಯುಸಿ’ ಅಲ್ಲ, ‘ಸಾಕು ಸಾಕಾಗಿ ಹೋಗಿದೆ’ ಅನ್ನುವ ಮಟ್ಟ. ಸೋಮವಾರದ ಮೀಟಿಂಗಿಗೆ ಇದನ್ನು ತರಬಾರದು. ಉಚ್ಚಾರದಲ್ಲಿ ನಡುವಿನ ದ ನಾಲಗೆಯ ತುದಿ ಹಲ್ಲಿಗೆ ತಾಗಿ ಬರುವ ಮೆದು ದ. ಕೇಂಬ್ರಿಡ್ಜಿನಲ್ಲಿ ಟೆದರ್ ಪದದ ಪುಟಕ್ಕೆ ಹೋದರೆ ಬ್ರಿಟಿಷ್, ಅಮೆರಿಕನ್ ಎರಡೂ ದನಿ ಕೇಳಬಹುದು.

ಇದೇ ತಾಣದಲ್ಲಿ ‘ಕೀಪ್ ಯುವರ್ ಹೆಡ್ ಅಬವ್ ವಾಟರ್’ ಹುಡುಕಿ. ಪಟ್ಟಿಗಳು ಇದನ್ನು ಕೆಲಸದ ಹೊರೆಗೆ ಹಾಕಿರುತ್ತವೆ. ಕೇಂಬ್ರಿಡ್ಜ್ ಮಾತ್ರ ಇದು ಮುಖ್ಯವಾಗಿ ಹಣಕಾಸಿನ ಇಕ್ಕಟ್ಟಿನಲ್ಲಿ ಹೇಗೋ ತೇಲುತ್ತಿರುವವರ ಮಾತು ಎಂದು ಹೇಳಿಬಿಡುತ್ತದೆ. ಆಫೀಸಿನಲ್ಲಿ ಆಡಿದರೆ ಸಂಬಳ ಸಾಲುತ್ತಿಲ್ಲವೇನೋ ಅಂದುಕೊಳ್ಳುವವರೂ ಇರುತ್ತಾರೆ. ‘ಲೆಟ್ ಆಫ್ ಸ್ಟೀಮ್’ಗೂ ಅಷ್ಟೆ: ಅಮೆರಿಕದಲ್ಲಿ ‘ಬ್ಲೋ ಆಫ್ ಸ್ಟೀಮ್’ ಎಂಬ ಸೂಚನೆ ಅಲ್ಲೇ ಇದೆ. ಉಗಿಯಂತ್ರದ ಕವಾಟ ತೆರೆದು ಹೆಚ್ಚಾದ ಆವಿ ಬಿಡುವುದರಿಂದ ಬಂದ ಮಾತಿದು. ಕುಕ್ಕರಿನ ಸೀಟಿ ನೆನೆದರೆ ಸಾಕು. ಆದರೆ ಎಚ್ಚರ, ಇದು ಒತ್ತಡದಲ್ಲಿದ್ದೇನೆ ಅನ್ನಲು ಅಲ್ಲ, ಒತ್ತಡ ಹೊರಹಾಕಿ ಹಗುರಾಗುವುದಕ್ಕೆ. ಸಂಜೆ ಬ್ಯಾಡ್ಮಿಂಟನ್ ಆಡುವುದು ಸ್ಟೀಮ್ ಬಿಡುವುದು. ಬಾಸ್ ಮೇಲೆ ರೇಗುವುದು ‘ಬ್ಲೋ ಎ ಫ್ಯೂಸ್’.

ಕೇಂಬ್ರಿಡ್ಜಿನ ಕೊರತೆಗಳೂ ಇವೆ. ‘ಇನ್‌ಫಾರ್ಮಲ್’ ಅಂತ ಗುರುತು ಹಾಕುತ್ತದೆ, ಆದರೆ ಎಷ್ಟು ಇನ್‌ಫಾರ್ಮಲ್ ಅನ್ನುವುದಿಲ್ಲ. ಟೀಮ್ ಲೀಡ್ ಮುಂದೆ ನಡೆಯುವ ಇನ್‌ಫಾರ್ಮಲ್ ಬೇರೆ, ಗೆಳೆಯರ ನಡುವಿನದು ಬೇರೆ. ಬಿಸಿಯ ಮಟ್ಟ ಹೇಳುವ ಗುರುತಂತೂ ಯಾವ ನಿಘಂಟಿನಲ್ಲೂ ಇಲ್ಲ. ಉದಾಹರಣೆ ವಾಕ್ಯ ಓದಿ ನಾವೇ ಅಳೆಯಬೇಕು. ಜಾಹೀರಾತಿನ ಕಾಟವೂ ಇದೆ. ಮೊಬೈಲಿನಲ್ಲಿ ಅರ್ಥಕ್ಕೂ ಉದಾಹರಣೆಗೂ ನಡುವೆ ಯಾವುದೋ ಚಪ್ಪಲಿ ಬಂದು ಕೂರುತ್ತದೆ.

ಆ ಬಿಸಿಯ ಮಟ್ಟವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೆಳಗಿನ ಮೆಟ್ಟಿಲಲ್ಲಿ ‘ಎ ಬಿಟ್ ಸ್ಟ್ರೆಚ್ಡ್’, ‘ಎ ಬಿಟ್ ಹೆಕ್ಟಿಕ್’: ಎಲ್ಲಿ ಬೇಕಾದರೂ ಆಡಬಹುದು, ಬರೆಯಬಹುದು. ನಡುವೆ ‘ಸ್ನೋಡ್ ಅಂಡರ್’, ‘ಎ ಲಾಟ್ ಆನ್ ಮೈ ಪ್ಲೇಟ್’, ‘ಅಪ್ ಟು ಮೈ ನೆಕ್’: ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ, ಆದರೆ ನಿಭಾಯಿಸುತ್ತಿದ್ದೇನೆ ಅನ್ನುವ ದನಿ. ಸಹೋದ್ಯೋಗಿಗೂ ಮ್ಯಾನೇಜರಿಗೂ ನಡೆಯುತ್ತದೆ. ಮೇಲೆ ಟೆದರ್, ‘ಅಟ್ ಬ್ರೇಕಿಂಗ್ ಪಾಯಿಂಟ್’, ‘ಕಾಂಟ್ ಟೇಕ್ ಇಟ್ ಎನಿ ಮೋರ್’: ಕೇಳಿದವರು ಏನಾದರೂ ಮಾಡಲೇಬೇಕು ಅನ್ನುವ ಮಾತುಗಳು. ಇನ್ನೊಂದು ಸೂಕ್ಷ್ಮ: ಬ್ರಿಟಿಷರ ‘ಎ ಬಿಟ್’ ಸ್ವಲ್ಪ ಅಲ್ಲ. ‘ಐ ಆಮ್ ಎ ಬಿಟ್ ಸ್ನೋಡ್ ಅಂಡರ್’ ಅಂದವರ ಮೇಜಿನ ಮೇಲೆ ಗುಡ್ಡವೇ ಇರಬಹುದು. ಆ ಎರಡು ಪದ ಇರುವುದು ಮರ್ಯಾದೆಗೆ.

ಲಾಂಗ್‌ಮನ್ನಿನ ಬಲ ಬೇರೆ ಕಡೆ ಇದೆ. 1978ರಲ್ಲಿ ಮೊದಲು ಬಂದಾಗಿನಿಂದಲೂ ಅದು ಅರ್ಥ ಹೇಳಲು ಸುಮಾರು 2000 ಸುಲಭ ಪದಗಳನ್ನಷ್ಟೇ ಬಳಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ದೊಡ್ಡ ಉಪಕಾರ. ಒಂದು ಪದದ ಅರ್ಥಕ್ಕೆ ಹೋಗಿ ಇನ್ನೆರಡು ಪದಕ್ಕೆ ಸಿಕ್ಕಿಬೀಳುವ ಅಡಕತ್ತರಿ ಇಲ್ಲಿ ಕಡಿಮೆ. ಪದದ ಅಕ್ಕಪಕ್ಕ ಯಾವ ಪದ ಕೂರುತ್ತದೆ ಎಂಬುದನ್ನೂ ಇದು ಚೆನ್ನಾಗಿ ತೋರಿಸುತ್ತದೆ. ನಾವು ಎಡವುವುದು ಅಲ್ಲೇ.

‘ಕೋಪ್ ಅಪ್ ವಿತ್ ಸ್ಟ್ರೆಸ್’ ತಪ್ಪು, ‘ಕೋಪ್ ವಿತ್’ ಸಾಕು. ಕೀಪ್ ಅಪ್ ವಿತ್ ಎಂಬ ಇನ್ನೊಂದು ನುಡಿಗಟ್ಟಿನ ಅಪ್ ಇಲ್ಲಿಗೆ ಬಂದು ಅಂಟಿಕೊಂಡಿದೆ. ಇದು ಭಾರತದ ಇಂಗ್ಲಿಷಿನಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ ಇಂಗ್ಲಿಷ್ ಪಾಠ ಮಾಡುವವರ ಬಾಯಲ್ಲೂ ಬರುತ್ತದೆ. ‘ಹಿ ಸ್ಟ್ರೆಸ್ಡ್ ಆನ್ ದಿಸ್ ಪಾಯಿಂಟ್’ ಎಂಬುದರ ಹಿಂದೆ ನಮ್ಮ ‘ಅದರ ಮೇಲೆ ಒತ್ತು ಕೊಟ್ಟರು’ ಕೂತಿದೆ. ಕ್ರಿಯಾಪದವಾದಾಗ ಆನ್ ಬೇಡ. ‘ಲೇ ಸ್ಟ್ರೆಸ್ ಆನ್’ ಅಂದಾಗ ಮಾತ್ರ ಬೇಕು. ‘ಐ ಆಮ್ ಸ್ಟ್ರೆಸ್‌ಫುಲ್’ ಅಂದರೆ ನನ್ನಿಂದ ಬೇರೆಯವರಿಗೆ ಮಂಡೆಬಿಸಿ ಅಂತಾಗುತ್ತದೆ. ಕೆಲಸ ಸ್ಟ್ರೆಸ್‌ಫುಲ್, ಮನುಷ್ಯ ಸ್ಟ್ರೆಸ್ಡ್. ‘ಐ ವಾಸ್ ಟೆನ್ಸ್ಡ್’ ಬೇಡ, ‘ಟೆನ್ಸ್’ ಸಾಕು. ಕೊನೇ ಡ ಸೇರಿದರೆ ಅದು ಮೈ ಬಿಗಿಹಿಡಿಯುವ ಕ್ರಿಯೆಯಾಗುತ್ತದೆ. ಯಾರೋ ಒತ್ತಾಯ ಮಾಡಿದರು ಅನ್ನಲು ‘ಪ್ರೆಷರೈಸ್’ ಬ್ರಿಟಿಷರಿಗೂ ನಮಗೂ ಸರಿ, ಅಮೆರಿಕದವರಿಗೆ ಪ್ರೆಷರೈಸ್ ಆಗುವುದು ವಿಮಾನದ ಕ್ಯಾಬಿನ್. ಮನುಷ್ಯರಿಗೆ ಅವರು ಬರೀ ‘ಪ್ರೆಷರ್ಡ್’ ಅನ್ನುತ್ತಾರೆ.

ಯಾವ ನಿಘಂಟೂ ನಮಗಾಗಿ ಬರೆಯದ ಎಚ್ಚರಿಕೆಗಳೂ ಇವೆ. ‘ಐ ಆಮ್ ಲೋಡೆಡ್’ ಅಂದರೆ ಕೆಲಸ ಹೆಚ್ಚು ಅಂತಲ್ಲ, ದುಡ್ಡು ಕೊಳೆಯುತ್ತಿದೆ ಅಂತ. ಅಮೆರಿಕದಲ್ಲಾದರೆ ಕುಡಿದಿದ್ದೇನೆ ಅಂತಲೂ ಆದೀತು. ‘ಐ ಹ್ಯಾವ್ ಬಿಪಿ’ ಅಂದರೆ ಎದುರಿನವರು ಕಾಯುತ್ತಾರೆ, ಏನಾಗಿದೆ ಬಿಪಿಗೆ ಅಂತ. ಬಿಪಿ ಎಲ್ಲರಿಗೂ ಇರುತ್ತದೆ, ಹೈ ಅಂತ ಸೇರಿಸಬೇಕು. ಅದೂ ಕಾಯಿಲೆಗೆ, ಸಿಟ್ಟಿಗಲ್ಲ. ‘ಪ್ರೆಷರ್ ಬಂದಿದೆ’ ಎಂಬ ನಮ್ಮ ಮಾತಿನ ಇನ್ನೊಂದು ಅರ್ಥವನ್ನಂತೂ ಇಂಗ್ಲಿಷಿಗೆ ತಿರುಗಿಸದಿರುವುದೇ ಕ್ಷೇಮ.

ಯೂಗ್ಲಿಶ್ ನಿಘಂಟಲ್ಲ. ಪದವೋ ನುಡಿಗಟ್ಟೋ ಕೊಟ್ಟರೆ, ಯೂಟ್ಯೂಬಿನ ವಿಡಿಯೊಗಳಲ್ಲಿ ಅದನ್ನು ಯಾರಾದರೂ ಆಡಿದ ಕ್ಷಣಕ್ಕೇ ಕರೆದೊಯ್ದು ಕೇಳಿಸುತ್ತದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಅಂತ ಆರಿಸಿಕೊಳ್ಳಬಹುದು. ಒಂದು ನುಡಿಗಟ್ಟಿಗೆ ಏಳೆಂಟು ತುಣುಕು ಕೇಳಿದರೆ ಸಾಕು. ಎರಡು ವಿಷಯ ಗಮನಿಸಿ. ಒಂದು, ಪದಗಳು ಎಲ್ಲಿ ಅಂಟಿಕೊಳ್ಳುತ್ತವೆ: ‘ಎ ಲಾಟ್ ಆನ್’ ಬಿಡಿಬಿಡಿಯಾಗಿ ಬರುವುದಿಲ್ಲ, ‘ಅಲಾಟಾನ್’ ಅಂತ ಒಂದೇ ಉಸಿರಿಗೆ ಬರುತ್ತದೆ. ನಾವು ಪ್ರತಿ ಅಕ್ಷರಕ್ಕೂ ಸಮ ತೂಕ ಕೊಟ್ಟು ಆಡುವುದರಿಂದಲೇ ಅವರಿಗೆ ಹಿಡಿಯುವುದು ತಡವಾಗುತ್ತದೆ. ಎರಡು, ಆಡುವವರ ಮುಖ. ನಗುತ್ತಾ ಆಡುತ್ತಿದ್ದರೆ ಆ ಮಾತು ನಡುವಿನ ಮೆಟ್ಟಿಲಿನದು; ಏಳೆಂಟರಲ್ಲಿ ಒಬ್ಬರೂ ನಗದಿದ್ದರೆ ಮೇಲಿನದು. ಬಿಸಿ ಅಳೆಯಲು ಇದಕ್ಕಿಂತ ಒಳ್ಳೆಯ ಥರ್ಮಾಮೀಟರ್ ಬೇರೆ ಯಾವ ತಾಣದಲ್ಲೂ ಇಲ್ಲ.

ತೊಂದರೆ ಏನೆಂದರೆ ಯಂತ್ರಕ್ಕೆ ನುಡಿಗಟ್ಟಿಗೂ ನೇರ ಅರ್ಥಕ್ಕೂ ಭೇದ ತಿಳಿಯದು. ಸ್ಟೀಮ್ ಬಿಡುವ ಮಾತು ಕೇಳಿದರೆ ಹಳೇ ರೈಲು ಎಂಜಿನ್ನಿನ ವಿಡಿಯೊ ಬಂದೀತು. ‘ಅಂಡರ್ ದಿ ಪಂಪ್’ ಕ್ರಿಕೆಟ್ ಕಾಮೆಂಟರಿ ಕೇಳುವವರಿಗೆಲ್ಲ ಪರಿಚಿತ. ಎದುರಾಳಿ ತಂಡ ಉಸಿರುಗಟ್ಟಿಸುತ್ತಿದೆ ಅಂತ. ಇದು ಆಸ್ಟ್ರೇಲಿಯಾ ಕಡೆಯ ಮಾತು, ಅಮೆರಿಕದ ಸಹೋದ್ಯೋಗಿಗೆ ತಲೆಬುಡ ತಿಳಿಯುವುದಿಲ್ಲ. ‘ಚೋಕ್’ ಕೂಡ ಮೈದಾನದ್ದೇ. 1999ರ ವಿಶ್ವಕಪ್ ಸೆಮಿಫೈನಲ್ ಎಜ್‌ಬಾಸ್ಟನ್ನಿನಲ್ಲಿ ಟೈ ಆಗಿ ದಕ್ಷಿಣ ಆಫ್ರಿಕಾ ಹೊರಬಿದ್ದ ಮೇಲೆ ಚೋಕರ್ಸ್ ಎಂಬ ಹಣೆಪಟ್ಟಿ ಬಹಳ ವರ್ಷ ಆ ತಂಡದ ಬೆನ್ನು ಬಿಡಲಿಲ್ಲ. ಗೆಲ್ಲಬೇಕಾದ ಹೊತ್ತಲ್ಲಿ ಕೈಕಾಲು ಆಡದಿರುವುದು ಚೋಕ್. ಕೆಲಸ ಹೆಚ್ಚಾದುದಕ್ಕೆ ಅದನ್ನು ಬಳಸುವಂತಿಲ್ಲ.

ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡ ಬಂದದ್ದು 2011ರಲ್ಲಿ. 2017ರಲ್ಲಿ ನ್ಯೂರಲ್ ವಿಧಾನಕ್ಕೆ ಬದಲಾದ ಮೇಲೆ ವಾಕ್ಯಗಳು ಎಷ್ಟೋ ಸುಧಾರಿಸಿದವು. ಆದರೂ ಇದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಅಂದರೆ ಬಂದ ಮೇಲ್ ಅರ್ಥಮಾಡಿಕೊಳ್ಳಲು ಮಾತ್ರ ಇಟ್ಟುಕೊಳ್ಳಿ. ಅದೂ ತುಂಡು ನುಡಿಗಟ್ಟು ಕೊಡಬೇಡಿ. ‘ಸ್ನೋಡ್ ಅಂಡರ್’ ಅಂತ ಎರಡೇ ಪದ ಕೊಟ್ಟರೆ ಯಂತ್ರಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಹಿಮದ ಕಡೆ ಜಾರುವ ಸಂಭವ ಹೆಚ್ಚು. ಹಿಂದಿನ ವಾಕ್ಯ, ಮುಂದಿನ ವಾಕ್ಯ ಸೇರಿಸಿ ಮೂರು ಸಾಲು ಕೊಡಿ. ಕನ್ನಡದಿಂದ ಇಂಗ್ಲಿಷಿಗೆ ಹೋಗಲೇಬೇಕಾದರೆ ನುಡಿಗಟ್ಟು ಬಿಡಿಸಿ ಬರೆಯಿರಿ. ‘ತಲೆ ಕೆಟ್ಟು ಮೊಸರುಗಡಿಗೆಯಾಗಿದೆ’ ಎಂಬುದನ್ನು ಅದರ ಬಾಯಿಗೆ ಹಾಕಬೇಡಿ, ‘ಕೆಲಸ ಹೆಚ್ಚಾಗಿ ತುಂಬಾ ಗೊಂದಲವಾಗಿದೆ’ ಅನ್ನಿ. ಬಂದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದರೆ ದೊಡ್ಡ ತಪ್ಪುಗಳು ಸಿಕ್ಕಿಬೀಳುತ್ತವೆ. ಆದರೆ ಬಿಸಿಯ ತಪ್ಪು ಸಿಕ್ಕುವುದಿಲ್ಲ, ಯಾಕೆಂದರೆ ಟೆದರ್ ಕೂಡ ಸ್ನೋಡ್ ಕೂಡ ಕನ್ನಡಕ್ಕೆ ಬರುವಾಗ ‘ಒತ್ತಡದಲ್ಲಿದ್ದೇನೆ’ ಅಂತಲೇ ಚಪ್ಪಟೆಯಾಗಬಹುದು.

ಅಲರ್ ನುಡಿಗಟ್ಟಿನ ನಿಘಂಟಲ್ಲ, ಅದರಿಂದ ಆ ನಿರೀಕ್ಷೆಯೂ ಬೇಡ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು, 2019ರಲ್ಲಿ ಅಂತರ್ಜಾಲಕ್ಕೆ ಬಂತು, ಒಂದೂವರೆ ಲಕ್ಷ ಕನ್ನಡ ಪದಗಳಿವೆ, ಜಾಹೀರಾತಿಲ್ಲ. ನಮ್ಮ ಕೆಲಸಕ್ಕೆ ಇದರ ಉಪಯೋಗ ಒಂದು ಹೆಜ್ಜೆ ಮೊದಲೇ. ಆಗುತ್ತಿರುವುದು ಕಳವಳವೋ, ತಳಮಳವೋ, ದುಗುಡವೋ, ಬೇಗುದಿಯೋ ಅಂತ ಮೊದಲು ಕನ್ನಡದಲ್ಲೇ ಖಚಿತ ಮಾಡಿಕೊಳ್ಳಿ. ಅಲರಿನಲ್ಲಿ ಆ ಪದದ ಇಂಗ್ಲಿಷ್ ನೋಡಿ, ಅದನ್ನು ಹಿಡಿದು ಕೇಂಬ್ರಿಡ್ಜಿಗೆ ಹೋಗಿ, ಪುಟದ ಕೆಳಗಿರುವ ಸಂಬಂಧಿತ ಪದಗಳ ಗುಂಪು ತೆರೆಯಿರಿ. ಒತ್ತಡ ಎಂಬ ಪದದಿಂದ ಹೊರಟವರು ಸ್ಟ್ರೆಸ್, ಪ್ರೆಷರ್ ಎರಡರಲ್ಲೇ ಗಿರಕಿ ಹೊಡೆಯುತ್ತಾರೆ. ಕಳವಳದಿಂದ ಹೊರಟವರಿಗೆ ‘ಆನ್ ಎಡ್ಜ್’, ‘ಆನ್ ಟೆಂಟರ್‌ಹುಕ್ಸ್’ ಸಿಗುತ್ತವೆ. ಟೆಂಟರ್ ಅಂದರೆ ನೇಯ್ದ ಬಟ್ಟೆಯನ್ನು ಎಳೆದು ಕಟ್ಟಿ ಒಣಗಿಸುವ ಚೌಕಟ್ಟು, ಅದರ ಕೊಕ್ಕೆಗಳೇ ಟೆಂಟರ್‌ಹುಕ್ಸ್. ‘ಟೆಂಡರ್‌ಹುಕ್ಸ್’ ಅಂತ ಬರೆಯುವವರು ಬಹಳ. ಫಲಿತಾಂಶಕ್ಕೆ ಕಾಯುವ ಹೊತ್ತಿನ ಮಾತಿದು. ಅಮೆರಿಕದವರು ಇದೇ ಸ್ಥಿತಿಗೆ ‘ಆನ್ ಪಿನ್ಸ್ ಅಂಡ್ ನೀಡಲ್ಸ್’ ಅನ್ನುತ್ತಾರೆ. ಆದರೆ ಆನ್ ತೆಗೆದು ‘ಐ ಹ್ಯಾವ್ ಪಿನ್ಸ್ ಅಂಡ್ ನೀಡಲ್ಸ್’ ಅಂದರೆ ಕಾಲಿಗೆ ಜೋಮು ಹಿಡಿದಿದೆ ಅಂತ! ಪಟ್ಟಿಗಳು ಒತ್ತಡದ ಸಾಲಿಗೆ ಸೇರಿಸುವ ‘ಅಂಡರ್ ದಿ ವೆದರ್’ ಕೂಡ ಹಾಗೇ, ಅದು ಮೈಗೆ ಹುಷಾರಿಲ್ಲ ಅನ್ನಲು.

ಈ ತಾಣಗಳನ್ನೆಲ್ಲ ಒಟ್ಟಿಗೆ ದುಡಿಸಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಒಂದು ಮೇಲ್. ಹೇಳಬೇಕಾದ್ದು: ‘ಸಾರ್, ಈ ವಾರ ಉಸಿರಾಡೋಕೂ ಪುರುಸೊತ್ತಿಲ್ಲ, ರಿಪೋರ್ಟ್ ಗುರುವಾರಕ್ಕೆ ಕೊಡ್ತೀನಿ.’ ಸಾಮಾನ್ಯವಾಗಿ ಹೋಗುವುದು: ‘ಐ ಆಮ್ ಫುಲ್ಲಿ ಲೋಡೆಡ್ ಅಂಡ್ ಇನ್ ಲಾಟ್ ಆಫ್ ಟೆನ್ಷನ್, ಪ್ಲೀಸ್ ಅಡ್ಜಸ್ಟ್.’ ಹೋಗಬೇಕಾದ್ದು: ‘ಐ ಆಮ್ ಎ ಬಿಟ್ ಸ್ನೋಡ್ ಅಂಡರ್ ದಿಸ್ ವೀಕ್. ಕುಡ್ ಐ ಸೆಂಡ್ ಯು ದ ರಿಪೋರ್ಟ್ ಆನ್ ಥರ್ಸ್‌ಡೇ?’ ಮೊದಲ ವಾಕ್ಯದಲ್ಲಿ ಒಂದೇ ನುಡಿಗಟ್ಟು, ಎರಡನೆಯದರಲ್ಲಿ ಒಂದೂ ಇಲ್ಲ. ಒಂದು ಮೇಲಿಗೆ ಒಂದೇ ನುಡಿಗಟ್ಟು ಎಂಬ ಲೆಕ್ಕ ಇಟ್ಟುಕೊಳ್ಳಿ. ಪ್ಲೇಟು, ಹಿಮ, ಹಗ್ಗ ಮೂರನ್ನೂ ಒಂದೇ ಸಾಲಿಗೆ ತುಂಬಿದರೆ ಓದುವವರಿಗೆ ಚಿತ್ರಾನ್ನ ತಿಂದಂತಾಗುತ್ತದೆ. ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೂ ಇದೇ ಮಾತು: ಮಾತಿನ ಪರೀಕ್ಷೆಯಲ್ಲಿ 7ನೇ ಬ್ಯಾಂಡಿಗೆ ನುಡಿಗಟ್ಟಿನ ಬಳಕೆ ಲೆಕ್ಕಕ್ಕೆ ಬರುತ್ತದೆ, ಆದರೆ ಬರವಣಿಗೆಯ ಪ್ರಬಂಧದಲ್ಲಿ ಆಡುಮಾತಿನ ನುಡಿಗಟ್ಟು ಹಾನಿಯೇ.

‘ಬರ್ನ್‌ಟ್ ಔಟ್’ ಬಗ್ಗೆ ಐದೂ ತಾಣಗಳು ಸಾಲದು. ನಿಘಂಟುಗಳು ದಣಿವು ಅಂತ ಹೇಳಿ ಕೈತೊಳೆದುಕೊಳ್ಳುತ್ತವೆ. ಈ ಮಾತಿಗೆ ಈಗ ಕಾಗದಪತ್ರದ ತೂಕವಿದೆ. 1974ರಲ್ಲಿ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದನ್ನು ವೃತ್ತಿಯ ದಣಿವಿಗೆ ಹೆಸರಾಗಿ ಬಳಸಿ ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೇ ಪರಿಷ್ಕರಣೆಯಲ್ಲಿ, ಕಾಯಿಲೆಯಾಗಿ ಅಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವಾಗಿ ಸೇರಿಸಿತು. ಒಂದು ವಾರದ ಓವರ್‌ಟೈಮಿಗೆ ಬರ್ನ್‌ಟ್ ಔಟ್ ಅನ್ನುವುದು ಅಗ್ಗದ ಬಳಕೆ. ಎಚ್‌ಆರ್‌ಗೆ ಹೋಗುವ ಪತ್ರದಲ್ಲಾದರೆ ಯೋಚಿಸಿ ಬರೆಯಿರಿ. ಮೇಲಿನ ಮೆಟ್ಟಿಲಿನ ಮಾತುಗಳು ನಿಜವಾಗಿಯೇ ಅನ್ವಯಿಸುತ್ತಿದ್ದರೆ ಇಂಗ್ಲಿಷ್ ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.

ನೆಟ್ ಇಲ್ಲದ ಕಡೆ ಕೆಲಸ ಮಾಡುವವರು, ಇಲ್ಲವೇ ಚಪ್ಪಲಿ ಜಾಹೀರಾತು ಸಾಕಾದವರು ಆಕ್ಸ್‌ಫರ್ಡಿನ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಹಳೇ ಪ್ರತಿ ಹುಡುಕಬಹುದು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಹಳೇ ಪುಸ್ತಕದ ಸಾಲಿನಲ್ಲಿ ಕೇಳಿ ನೋಡಿ. ಒತ್ತಡದ ನುಡಿಗಟ್ಟುಗಳಲ್ಲಿ ಬಹಳವು ಹಳೆಯವೇ ಆದ್ದರಿಂದ ಮುದ್ರಣ ಹಳತಾದರೆ ನಷ್ಟವಿಲ್ಲ. ಕೊಳ್ಳುವಾಗ ನಡುವಿನ ಹಾಳೆ ಹರಿದಿಲ್ಲವೇ ನೋಡಿಕೊಳ್ಳಿ. ಪುಸ್ತಕದಲ್ಲಿ ನುಡಿಗಟ್ಟು ಇರುವುದು ಅದರ ಮೊದಲ ಮುಖ್ಯ ಪದದಡಿ, ಅರ್ಥಗಳೆಲ್ಲ ಮುಗಿದ ಮೇಲೆ. ಹಾಗಾಗಿ ಹಗ್ಗದ ಮಾತನ್ನು ಟೆದರ್‌ನಲ್ಲಿ ಹುಡುಕಬೇಡಿ, ಎಂಡ್‌ನಲ್ಲಿ ಹುಡುಕಿ. ಲೆಟ್, ಹ್ಯಾವ್‌ನಂಥ ಸವಕಲು ಕ್ರಿಯಾಪದದಿಂದ ಶುರುವಾದರೆ ಅದನ್ನು ದಾಟಿ ಮುಂದಿನ ನಾಮಪದಕ್ಕೆ ಹೋಗಿ: ಸ್ಟೀಮ್, ಪ್ಲೇಟ್.